ದರೋಜಿಯಲ್ಲಿ ಕರಡಿ ನೋಡಬೇಕೇ? ಹೀಗೆ ಮಾಡಿ

ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ವಾಪಸಾಗುತ್ತಾರೆ. ಅಲ್ಲಿಂದ ಸುಮಾರು 15 ಕಿ.ಮೀ. ಹೋದರೆ ದರೋಜಿ ಕರಡಿಧಾಮ. 1994ರಲ್ಲಿ ಕರಡಿಗಳಿಗೆಂದೇ ಮೀಸಲಿಟ್ಟ ಕುರುಚಲು ಕಾಡು ಅದು. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.

ಮೊದಲು ಸಮಯ ನೋಡಿಕೊಳ್ಳಿ. ಬೆಳಗಿನ ಜಾವ ಎದ್ದು ಓಡುವುದೇನೂ ಬೇಡ. ಗೇಟು ತೆರೆಯುವುದೇ ಮಧ್ಯಾಹ್ನದ ಮೇಲೆ. ಸಂಜೆ 6ರ ಹೊತ್ತಿಗೆ ಎಲ್ಲರೂ ಹೊರಗೆ ಬಂದಿರಬೇಕು. ಹೊಸಪೇಟೆ ಅಥವಾ ಕಮಲಾಪುರದಿಂದ ಆಟೊ, ಕಾರು ಮಾಡಿಕೊಂಡು ಹೋಗಿ. ಕಾದು ನಿಂತು ವಾಪಸ್ ಕರೆತರುವುದನ್ನೂ ಸೇರಿಸಿಯೇ ಬಾಡಿಗೆ ಮಾತಾಡಿ. ಕತ್ತಲಾಗುವಾಗ ಅಲ್ಲಿ ಇನ್ನೊಂದು ಆಟೊ ಹುಡುಕುವ ಪಾಡು ಬೇಡ. ಚಳಿಗಾಲವಾದರೆ ಒಳ್ಳೆಯದು. ಬಳ್ಳಾರಿ ಕಡೆಯ ಬೇಸಿಗೆ ಗೊತ್ತಲ್ವಾ!

ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಕರಡಿ ಬರುವ ಬಂಡೆಗಳು ಕಾವಲು ಗೋಪುರದಿಂದ ದೂರದಲ್ಲಿವೆ. ಮೊಬೈಲ್‌ನಲ್ಲಿ ತೆಗೆದರೆ ಬರೀ ಕಪ್ಪು ಚುಕ್ಕೆ ಕಾಣುತ್ತದೆ. 8x42 ಅಂತ ಬರೆದಿರುವುದು ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಇನ್ನೂ ಜಾಸ್ತಿ ಪಟ್ಟಿನದ್ದು ತಂದರೆ ಕೈ ನಡುಗಿದಂತೆಲ್ಲ ಕರಡಿಯೂ ನಡುಗುತ್ತದೆ.

ಇನ್ನು ಗೋಪುರ ಹತ್ತಿ ಕೂರುವುದು. ಅರಣ್ಯ ಇಲಾಖೆಯ ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗಿರುತ್ತಾರೆ. ‘ಬೆಲ್ಲ ತೋರಿಸಿ ಕರೆದರೆ ಅದೇನು ಕಾಡುಪ್ರಾಣಿ’ ಅಂತ ಮೂಗು ಮುರಿಯುವವರಿದ್ದಾರೆ. ಅವರ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಕರಡಿಯನ್ನು ಹುಡುಕಿಕೊಂಡು ಜನ ಪೊದೆಗೆ ನುಗ್ಗುವುದಕ್ಕಿಂತ ಇದು ವಾಸಿ. ಗಾಬರಿಯಾದ ಕರಡಿ ಓಡಿಹೋಗುವ ಬದಲು ಮೈಮೇಲೆ ಬೀಳುವುದೇ ಹೆಚ್ಚು.

ಮೊದಲು ಬರುವುದು ನವಿಲು, ಮುಂಗುಸಿ, ಕೆಲವೊಮ್ಮೆ ಕಾಡುಹಂದಿ. ಬೆಲ್ಲ ಅವಕ್ಕೂ ಬೇಕು. ಎದ್ದು ಹೋಗಬೇಡಿ, ಮಾತೂ ಬೇಡ, ಸುಮ್ನೆ ಕೂತಿರಿ. ಮೊದಲ ಸಲ ನಾನು ಅರ್ಧ ಗಂಟೆ ಒಂದು ಕಪ್ಪು ಗುಂಡನ್ನೇ ಕರಡಿ ಅಂತ ನೋಡುತ್ತಿದ್ದೆ. ಪಕ್ಕದವರಿಗೂ ತೋರಿಸಿದ್ದೆ! ಮೂತಿ ನೋಡಿ. ಮೈಯೆಲ್ಲ ಕಪ್ಪಾದರೂ ಮೂತಿ ಮಾಸಲು ಬಿಳಿ. ಅದು ಕಂಡರೆ ಕಲ್ಲಲ್ಲ.

ಬೆಲ್ಲ ನೆಕ್ಕುವಾಗ ತುಟಿ ಗಮನಿಸಿ, ಉದ್ದಕ್ಕೆ ಚಾಚಿಕೊಳ್ಳುತ್ತದೆ. ಇದರ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸರ್ರನೆ ಹೀರುತ್ತದೆ. ಮೂಗಿನೊಳಕ್ಕೆ ಮಣ್ಣು ಹೋಗದಂತೆ ಹೊಳ್ಳೆಗಳನ್ನೂ ಮುಚ್ಚಿಕೊಳ್ಳಬಲ್ಲದು. ಹೀರುವ ಸದ್ದು ನೂರು ಮೀಟರಿನಾಚೆಗೂ ಕೇಳಿಸುವುದುಂಟು. ಅದೃಷ್ಟವಿದ್ದರೆ ತಾಯಿಯ ಬೆನ್ನಿನ ಕೂದಲು ಹಿಡಿದು ಕೂತ ಮರಿಯೂ ಕಾಣಬಹುದು. ತಾಯಿ ಬಂಡೆ ಇಳಿಯುವಾಗ ಅದು ಮುಂದಕ್ಕೆ ಜಾರಿ, ಮತ್ತೆ ಹಿಂದಕ್ಕೆ ತೆವಳಿ ಸರಿಯಾಗಿ ಕೂರುತ್ತದೆ.

ವಾಪಸ್ ಬರುವಾಗ ಡ್ರೈವರ್‌ಗೆ ನಿಧಾನ ಹೋಗಲು ಹೇಳಿ, ಗಾಡಿಯಿಂದ ಮಾತ್ರ ಇಳಿಯಬೇಡಿ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಬೇರೆಲ್ಲೂ ಸಿಗದ ಹಳದಿ ಕೊರಳಿನ ಪಿಕಳಾರ ಹಕ್ಕಿ ಈ ಪೊದೆಗಳಲ್ಲಿದೆ. ಬಂಡೆಯ ತುದಿಯಲ್ಲಿ ಎರಡು ಕಿವಿ ನಿಮಿರಿಸಿದಂಥ ಆಕೃತಿ ಕಂಡರೆ ಮತ್ತೊಮ್ಮೆ ಬೈನಾಕ್ಯುಲರ್ ಎತ್ತಿ. ಕೊಂಬಿನ ಗೂಬೆ ಇರಬಹುದು. ಕಲ್ಲೂ ಇರಬಹುದು.