ಬೇಸ್‌ಮೆಂಟ್‌ಗೆ ಹೊರಗಿನಿಂದ ಕಂಬಳಿ

"ಒಳಗಿನಿಂದ ಫೈಬರ್‌ಗ್ಲಾಸ್ ತುಂಬಿ ಡ್ರೈವಾಲ್ ಹಲಗೆ ಹೊಡೆದರೆ ಮುಗೀತಲ್ಲ ಮಾರಾಯ, ಮನೆ ಸುತ್ತ ಯಾಕೆ ಗುಂಡಿ ತೋಡ್ತೀಯ?" ನಮ್ಮ ಬೇಸ್‌ಮೆಂಟಿನ, ಅಂದರೆ ನೆಲಮಾಳಿಗೆಯ, ಗೋಡೆಗಳಿಗೆ ಚಳಿ, ತೇವ ತಾಗದಂತೆ ಹೊರಗಿನಿಂದ ಫೋಮ್ ಹೊದಿಸಲು ಹೊರಟಾಗ ಮಿನಿಯಾಪೊಲಿಸ್‌ನಲ್ಲಿ ಈ ಮಾತು ಹೇಳದ ಗೆಳೆಯರೇ ಇಲ್ಲ. ಅದನ್ನೂ ಮಾಡಿ ನೋಡಿದವನು ನಾನು. ಟೂ ಬೈ ಫೋರ್ ಮರದ ಚೌಕಟ್ಟು, ನಡುವೆ ಹತ್ತಿಯಂಥ ಫೈಬರ್‌ಗ್ಲಾಸ್, ಮೇಲೊಂದು ಪ್ಲಾಸ್ಟಿಕ್ ಹಾಳೆ. ಮೂರೂವರೆ ಸಾವಿರ ಡಾಲರ್ ಹತ್ತಿರ ಕೈಬಿಟ್ಟು ಹೋಯಿತು. ಎರಡನೇ ಬೇಸಿಗೆಗೇ ಮುಗ್ಗಲು ವಾಸನೆ. ಕಿತ್ತು ನೋಡಿದರೆ ಪ್ಲಾಸ್ಟಿಕ್ ಹಿಂದೆ ಹನಿಹನಿ ನೀರು. ಕೆಳಗಿನ ಮರದ ಪಟ್ಟಿಗೆ ಉಗುರು ಒತ್ತಿದರೆ ಬೆಣ್ಣೆಯ ಹಾಗೆ ಒಳಗೆ ಹೋಗುತ್ತಿತ್ತು.

ನಾನು ತೀರ್ಥಹಳ್ಳಿ ಕಡೆಯವನು. ಊರ ಮನೆಯ ಹಿಂದಿನ ಗೋಡೆ ಮಣ್ಣಿನ ದರೆಗೆ ಒತ್ತಿಕೊಂಡಿತ್ತು. ಮಳೆ ಹಿಡಿದರೆ ಅಪ್ಪ ಗೋಡೆಗೆ ಏನೂ ಬಳಿಯುತ್ತಿರಲಿಲ್ಲ, ಗುದ್ದಲಿ ಹಿಡಿದು ಹಿಂದಿನ ಚರಂಡಿ ಬಿಡಿಸುತ್ತಿದ್ದರು. ಅಷ್ಟು ಬುದ್ಧಿ ನನಗೆ ಬರಲು ಮೂರೂವರೆ ಸಾವಿರ ಬೇಕಾಯಿತು.

ಅಗೆಯುವ ಮೊದಲು, ಜುಲೈನಲ್ಲಿ, ಬ್ಲಾಕ್ ಗೋಡೆಗೆ ಎರಡಡಿ ಚೌಕದ ಪ್ಲಾಸ್ಟಿಕ್ ತುಂಡುಗಳನ್ನು ಟೇಪ್ ಹಾಕಿ ಅಂಟಿಸಿ ವಾರ ಬಿಟ್ಟೆ. ಉತ್ತರದ ಗೋಡೆಯಲ್ಲಿ ಹನಿ ಪ್ಲಾಸ್ಟಿಕ್ಕಿನ ಹಿಂದೆ, ಅಂದರೆ ಮಣ್ಣಿನ ನೀರು. ಪಶ್ಚಿಮದಲ್ಲಿ ಹನಿ ಮುಂದೆ, ಕೋಣೆಯ ಸೆಕೆಗಾಳಿ ತಣ್ಣನೆ ಗೋಡೆಗೆ ತಾಗಿ ಬೆವರಿದ್ದು. ಒಂದೇ ಮನೆಗೆ ಎರಡು ಕಾಯಿಲೆ. ಎರಡಕ್ಕೂ ಮದ್ದು ಹೊರಗೇ ಇತ್ತು: ಮಣ್ಣಿನ ನೀರು ತಡೆಯುವುದು, ಗೋಡೆಯನ್ನು ಬೆಚ್ಚಗಿಡುವುದು.

811ಕ್ಕೆ ಫೋನ್ ಮಾಡಿ ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳ ಗುರುತು ಹಾಕಿಸಿ, ಮಿನಿ ಎಕ್ಸ್‌ಕವೇಟರ್ ಬಾಡಿಗೆಗೆ ತಂದೆ. ಎರಡು ದಿನಕ್ಕೆ 700 ಡಾಲರ್ ಆಸುಪಾಸು. ಏಳಡಿ ಆಳ. ಹೆಂಡತಿಯ ಹೂವಿನ ಪಾತಿ ಉಳಿಸಲು ಹೋಗಿ ಗುಂಡಿಗೆ ಇಳಿಜಾರು ಕೊಡಲಿಲ್ಲ. ರಾತ್ರಿ ಮಳೆ ಬಂತು, ಬೆಳಿಗ್ಗೆ ಅರ್ಧ ಗುಂಡಿ ಕುಸಿದು ಬಿದ್ದಿತ್ತು. ಹಿಂದಿನ ಸಂಜೆ ಅದೇ ಜಾಗದಲ್ಲಿ ಕೂತು ಗೋಡೆ ಉಜ್ಜಿದ್ದೆ. ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಪಾತಿಯೂ ಉಳಿಯಲಿಲ್ಲ.

ಉಳಿದದ್ದು ಸಾಲಾಗಿ ಹೀಗೆ: ಸಿಮೆಂಟ್ ಗಾರೆ, ರಬ್ಬರ್ ಲೇಪ ಎರಡು ಕೋಟ್, ಎರಡಿಂಚಿನ ಎಕ್ಸ್‌ಪಿಎಸ್ (ಗಟ್ಟಿ ಫೋಮ್ ಹಲಗೆ), ಅದರ ಹೊರಗೆ ನೀರು ಕೆಳಗಿಳಿಯಲು ಉಬ್ಬುಗಳಿರುವ ಪ್ಲಾಸ್ಟಿಕ್ ಹಾಳೆ, ಬುಡದಲ್ಲಿ ಬಟ್ಟೆ ಸುತ್ತಿದ ತೂತಿನ ಪೈಪು, ತೊಳೆದ ಜಲ್ಲಿ. ಲೇಪವನ್ನು ಹಸಿ ಗೋಡೆಗೆ ಹಚ್ಚಬೇಡಿ. ನನ್ನದು ಬೊಬ್ಬೆ ಎದ್ದು, ಮುನ್ನೂರು ಡಾಲರ್ ಮಾಲು ಕೆರೆದು ಬಿಸಾಡಿದೆ.

ನಿಜವಾದ ತಲೆನೋವು ನೆಲದ ಮೇಲಿನ ಒಂದಡಿ. ಅಲ್ಲಿ ಫೋಮ್ ಬಿಸಿಲು ಬಡಿದು ಕೆಡುತ್ತದೆ. ಜಾಲರಿ ಕಟ್ಟಿ ಗಾರೆ ಮಾಡಿದೆ, ಆದರೆ ಅಕ್ಟೋಬರ್ ಕೊನೆಗೆ. ಗಾರೆ ಹಿಡಿಯುವ ಮೊದಲೇ ಹಿಮ ಕಚ್ಚಿ, ವಸಂತಕ್ಕೆ ಹಪ್ಪಳದಂತೆ ಎದ್ದು ಬಂತು. ಮರುವರ್ಷ ಜೂನ್‌ನಲ್ಲಿ ಮತ್ತೆ ಮಾಡಿದೆ. ಮೇಲಂಚಿಗೆ ತಗಡು ಹಾಕದಿದ್ದರೆ ನೀರಿನ ಜೊತೆ ಕಟ್ಟಿರುವೆಯೂ ಫೋಮ್‌ಗೆ ಇಳಿಯುತ್ತದೆ. ಆ ತಗಡನ್ನು ಮೂಲೆಯಲ್ಲಿ ಮಡಚುವ ಬಗೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ಸಲ ಕೆಡಿಸಿ ಕಲಿತದ್ದು.

ನಡುವೆ ಒಂದು ಹುಚ್ಚು: ಎಕ್ಸ್‌ಪಿಎಸ್ ಮತ್ತು ಬಿಳಿ ಥರ್ಮೊಕೋಲಿನ ತುಂಡುಗಳನ್ನು ತೂಗಿ, ಜಲ್ಲಿಯ ಪಕ್ಕ ಹೂತು, ವರ್ಷದ ಮೇಲೆ ತೆಗೆದು ಅಡುಗೆಮನೆ ತಕ್ಕಡಿಯಲ್ಲಿ ಮತ್ತೆ ತೂಗಿದೆ. ಎರಡೂ ಒಂದಿಷ್ಟು ನೀರು ಕುಡಿದಿದ್ದವು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಕ್ಕಡಿ ಹೊಸದು ಕೊಡಿಸಬೇಕಾಯಿತು.

ಒಳಗೆ ಮತ್ತೆ ಪ್ಲಾಸ್ಟಿಕ್ ಹಾಕಿಲ್ಲ, ಗೋಡೆ ಕೋಣೆಯ ಕಡೆಗೆ ಒಣಗಲಿ ಅಂತ. ಬ್ಲಾಕ್ ಕುಡಿದ ನೀರು ಆರಲು ವರ್ಷವೇ ಹಿಡಿಯಿತು. ಆ ವರ್ಷ ಎಲ್ಲರೂ ನಕ್ಕರು. ಈಗ ಜನವರಿಯಲ್ಲಿ ಗೋಡೆ 60 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ, ಮೊದಲು 47 ದಾಟುತ್ತಿರಲಿಲ್ಲ. ಜುಲೈನಲ್ಲಿ ಗಾಳಿಯ ತೇವಾಂಶ ಶೇಕಡಾ 75ರಿಂದ 55ಕ್ಕೆ ಇಳಿದಿದೆ. ಮೂರು ಗೋಡೆಗೆ ಕಂಟ್ರಾಕ್ಟರ್ ಕೇಳಿದ್ದು 28 ಸಾವಿರ. ನನಗೆ ಹಾಳು ಮಾಡಿದ್ದೂ ಸೇರಿ ಒಂಬತ್ತರ ಒಳಗೆ ಮುಗಿಯಿತು.

ನಾಲ್ಕನೇ ಗೋಡೆ ಡ್ರೈವ್‌ವೇ ಪಕ್ಕದ್ದು, ಕಾಂಕ್ರೀಟ್ ಒಡೆಯದೆ ಆಗುವುದಿಲ್ಲ. ಅದರ ಸುದ್ದಿ ಎತ್ತಿದರೆ ಹೆಂಡತಿ ಹೂವಿನ ಪಾತಿಯ ಕಡೆ ಕೈ ತೋರಿಸುತ್ತಾಳೆ.