ಹಿರೇಮದ್ದಿಗೆ ಗೊಬ್ಬರ ಹಾಕುವ ಮುನ್ನ

ಮೆಕ್ಕೆಜೋಳಕ್ಕೆ ಯೂರಿಯಾ ಎರಚಿ ರೂಢಿಯಾದ ಕೈ ಔಷಧಿ ಗಿಡ ಕಂಡರೂ ಸುಮ್ಮನಿರುವುದಿಲ್ಲ. ಚಿತ್ರದುರ್ಗದ ಕೆಂಪು ನೆಲದಲ್ಲಿ ಅಶ್ವಗಂಧ, ಅಂದರೆ ಹಿರೇಮದ್ದು, ಬಿತ್ತುವವರು ಮೊದಲು ಆ ಕೈಯನ್ನು ಬಿಗಿ ಹಿಡಿಯಬೇಕು. ಇಲ್ಲಿ ತೂಕಕ್ಕೆ ಬೀಳುವುದು ಬೇರು, ಸೊಪ್ಪಲ್ಲ.

ಕೆಲಸ ಬೇಸಿಗೆಯಲ್ಲೇ ಶುರು. ಹೊಲದ ಎಂಟು ಹತ್ತು ಕಡೆ ಗೇಣುದ್ದದ ಗುಂಡಿ ತೋಡಿ, ಗೋಡೆಯ ಮಣ್ಣನ್ನು ಮೇಲಿಂದ ಕೆಳಗೆ ಕೆರೆದು ಬೆರೆಸಿ, ಅರ್ಧ ಕೆ.ಜಿ. ನೆರಳಿನಲ್ಲಿ ಒಣಗಿಸಿ. ತಿಪ್ಪೆ, ಬದು, ಮರದ ಬುಡದ ಮಣ್ಣು ಬೇಡ. ಈ ಮಣ್ಣಿನ ಪರೀಕ್ಷೆಯ ವಿಚಾರವನ್ನು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ.

ಕೊನೆಯ ಉಳುಮೆಗೆ ಎಕರೆಗೆ 4ರಿಂದ 5 ಟನ್ ಕೊಟ್ಟಿಗೆ ಗೊಬ್ಬರ ಸಾಕು. ಆದರೆ ಅದು ಚೆನ್ನಾಗಿ ಕಳಿತಿರಬೇಕು. ತಿಪ್ಪೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ: ಬಿಸಿ ತಾಗಿದರೆ, ಸಗಣಿ ನಾತ ಬಂದರೆ, ಹುಲ್ಲಿನ ಎಳೆ ಸಿಕ್ಕರೆ ಇನ್ನೂ ಕಾಯಬೇಕು. ಹಸಿ ಗೊಬ್ಬರದ ಜೊತೆ ಬೇರು ತಿನ್ನುವ ಗೊಣ್ಣೆಹುಳು ಹೊಲಕ್ಕಿಳಿಯುತ್ತದೆ. ನೆಟ್ಟಗೆ ಇಳಿಯಬೇಕಾದ ಬೇರು ಕವಲೊಡೆದು ಬೆಲೆ ಕಳೆದುಕೊಳ್ಳುತ್ತದೆ.

ತೀರ ಬಡ ನೆಲವಾದರೆ ಮಾತ್ರ ಎಕರೆಗೆ 6 ಕೆ.ಜಿ. ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ 46 ಇರುವುದರಿಂದ ಅದು ಸುಮಾರು 13 ಕೆ.ಜಿ., 45 ಕೆ.ಜಿ. ಚೀಲದ ಮೂರನೇ ಒಂದು ಪಾಲಿಗೂ ಕಡಿಮೆ. ಒಮ್ಮೆ ಆಸೆಗೆ ಬಿದ್ದು ಎರಡು ಸಾಲಿಗೆ ಹೆಚ್ಚಿಗೆ ಉಣಿಸಿದ್ದೆ. ಗಿಡ ಸೊಂಟದೆತ್ತರ ಬಂತು, ದಾರಿಹೋಕರು ನಿಂತು ಹೊಗಳಿದರು. ಕಿತ್ತಾಗ ಬೇರು ಪೆನ್ಸಿಲಿಗಿಂತ ಸಣ್ಣ! ತಿಂದದ್ದೆಲ್ಲ ಎಲೆಗೆ ಹೋಗಿತ್ತು.

ತುಳಸಿಯ ಲೆಕ್ಕವೇ ಬೇರೆ. ಅಲ್ಲಿ ಎಲೆಯೇ ಮಾಲಾದ್ದರಿಂದ ಪ್ರತಿ ಕಟಾವಿನ ನಂತರ ಸಾರಜನಕವನ್ನು ಸ್ವಲ್ಪ ಸ್ವಲ್ಪ ಕೊಡಬಹುದು.

ರಂಜಕದ ಗೊಬ್ಬರವನ್ನೂ ಪರೀಕ್ಷೆ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ. ಅದನ್ನು ತಯಾರಿಸುವ ಶಿಲೆಯಲ್ಲೇ ಕ್ಯಾಡ್ಮಿಯಂ ಎಂಬ ವಿಷಲೋಹ ಅಲ್ಪಸ್ವಲ್ಪ ಇರುತ್ತದೆ. ವರ್ಷಗಟ್ಟಲೆ ಸುರಿದರೆ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಆಯುರ್ವೇದ ಔಷಧಿಗಳಲ್ಲಿ ಅದರ ಮಿತಿ 0.3 ಪಿಪಿಎಂ, ಅಂದರೆ ಕೆ.ಜಿ.ಗೆ 0.3 ಮಿಲಿಗ್ರಾಂ.

ಬಿತ್ತಿದ 150ರಿಂದ 180 ದಿನಕ್ಕೆ ಎಲೆ ಒಣಗಿ ಹಣ್ಣು ಕೆಂಪಾಗುತ್ತದೆ. ಆಗ ಕಿತ್ತು, ತೊಳೆದು, 7ರಿಂದ 10 ಸೆಂ.ಮೀ. ತುಂಡು ಮಾಡಿ ಒಣಗಿಸಿ. ವ್ಯಾಪಾರಿ ಬಂದವನೇ ಚೀಲದಿಂದ ಒಂದು ತುಂಡನ್ನು ಹೆಕ್ಕಿ ಮುರಿಯುತ್ತಾನೆ. ಟಪ್ಪನೆ ಮುರಿದು ಒಳಗೆ ಹಿಟ್ಟಿನಂತೆ ಬೆಳ್ಳಗೆ ಕಂಡರೆ ಮಾತ್ರ ಅವನು ತಕ್ಕಡಿಯತ್ತ ನೋಡುತ್ತಾನೆ.