ಪುಶ್ ಸ್ಟಾರ್ಟ್ ಗಾಡಿಗೆ ಅಂಬಾಸಡರ್ ಕಾಲದ ಗುಟ್ಟಿನ ಸ್ವಿಚ್: ನನ್ನ ಅನುಭವ

ಪುಶ್ ಸ್ಟಾರ್ಟ್, ಅಂದರೆ ಬಟನ್ ಒತ್ತಿ ಸ್ಟಾರ್ಟ್ ಮಾಡೋ ಗಾಡಿಗೆ, ಕಳ್ಳನಿಗೆ ಸ್ಟಾರ್ಟ್ ಆಗದ ಹಾಗೆ ಗುಟ್ಟಿನ ಸ್ವಿಚ್ ಹಾಕ್ತೀನಿ ಅಂದಾಗ ಜೆ.ಸಿ. ರೋಡಿನ ಗೆಳೆಯರೆಲ್ಲ ನಕ್ಕಿದ್ದರು. "ಏನ್ ಗುರೂ, ಇಪ್ಪತ್ತು ಲಕ್ಷದ ಗಾಡಿಗೆ ಇಪ್ಪತ್ತು ರೂಪಾಯಿ ಸ್ವಿಚ್ಚಾ? ಮತ್ತೆ ಅಂಬಾಸಡರ್ ಕಾಲಕ್ಕೆ ಹೊರಟ್ಯಾ?" ಹಾಗಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರಾನೇ ಗಾಡಿ ಕಳಿಸ್ತಾರೆ. ಅದಕ್ಕೇ ಬರೀತಿದ್ದೀನಿ.

ಮೊದಲು ನಾನೂ ಸಿಗ್ನಲ್ ತಾಗದ ಹಾಗೆ ಕೀ ಮುಚ್ಚಿಡೋ ದಾರಿಗೇ ಹೋದವನು. ನಮ್ಮವರು ಕೀ ಇಡೋದೇ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಕೀ ಹತ್ತಿರ ಇದೆಯಾ ಅಂತ ಗಾಡಿ 125 ಕಿಲೋಹರ್ಟ್ಜ್ ರೇಡಿಯೋ ಸಿಗ್ನಲ್‌ನಲ್ಲಿ ಕೂಗೋದನ್ನ ಇಬ್ಬರು ಕಳ್ಳರು ಒಬ್ಬರ ಯಂತ್ರದಿಂದ ಇನ್ನೊಬ್ಬರದಕ್ಕೆ ದಾಟಿಸಿ ಅಲ್ಲಿವರೆಗೆ ತಂದರೆ, ಕೀ ಒಳಗಿಂದಲೇ 433 ಮೆಗಾಹರ್ಟ್ಜ್‌ನಲ್ಲಿ 'ಓ' ಅನ್ನುತ್ತೆ, ಗಾಡಿ ತೆರೆದುಕೊಳ್ಳುತ್ತೆ. ರಾತ್ರಿ ಗೊತ್ತಿರೋ ದನಿಯಲ್ಲಿ ಕೂಗಿದರೂ ಓಗೊಡಬೇಡ ಅಂತ ನಮ್ಮಜ್ಜಿ ಹೇಳ್ತಿದ್ದಳು. ಈ ಕೀಗೆ ಹೇಳೋ ಅಜ್ಜಿ ಯಾರೂ ಇರಲಿಲ್ಲ. 2011ರಲ್ಲೇ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಎಂಟು ಕಂಪನಿಗಳ ಹತ್ತು ಗಾಡಿಗಳನ್ನ ಹೀಗೇ ತೆಗೆದು ತೋರಿಸಿದ್ದರು.

ಆನ್‌ಲೈನಲ್ಲಿ ಸಿಗ್ನಲ್ ತಡೆಯೋ ಐದಾರು ಥರದ ಪೌಚ್ ತರಿಸಿದೆ, ಒಟ್ಟು ಒಂದೂವರೆ ಸಾವಿರ ಇರಬೇಕು. ಹೊಸದಿದ್ದಾಗ ಚೆನ್ನಾಗೇ ಇದ್ದವು. ಮೂರು ತಿಂಗಳಿಗೆ ಎರಡು ಕೈಕೊಟ್ಟವು, ಮಡಿಕೆ ಇರೋ ಜಾಗದಲ್ಲೇ ಒಳಗಿನ ಲೋಹದ ಬಟ್ಟೆ ಸೀಳಿತ್ತು. ಆಮೇಲೆ ಬಿಸ್ಕತ್ ಡಬ್ಬಿ. ಮುಚ್ಚಳ ಭದ್ರವಾಗಿದ್ದರೂ ಗಾಡಿ ಲಾಕ್ ತೆಗೀತಿತ್ತು. ಒಂದು ಭಾನುವಾರವೆಲ್ಲ ರೇಡಿಯೋ ಸಿಗ್ನಲ್ ಹಿಡಿಯೋ ಆರ್‌ಟಿಎಲ್ ಡಾಂಗಲ್ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡ್ತಾ ಕೂತಾಗ ಗೊತ್ತಾಗಿದ್ದು, ಅಂಚಿನ ಪೇಂಟಿನಿಂದಾಗಿ ಲೋಹಕ್ಕೆ ಲೋಹ ತಾಗ್ತಾನೇ ಇರಲಿಲ್ಲ. ಮರಳು ಕಾಗದದಲ್ಲಿ ಉಜ್ಜಿದೆ, ಸಿಗ್ನಲ್ ಸತ್ತಿತು. ಅದೇ ಜೋಶ್‌ನಲ್ಲಿ ಮನೆಯವಳ ಚಕ್ಕುಲಿ ಡಬ್ಬಕ್ಕೂ ಕೈ ಹಾಕಿದೆ, ಆ ಕಥೆ ಬೇಡ. ಟೊಯೊಟಾದ ಕೆಲವು ಕೀಗಳಲ್ಲಂತೂ ಇದೇನೂ ಬೇಕಿಲ್ಲ: ಲಾಕ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಕೀ ಮಲಗಿಬಿಡುತ್ತೆ.

ಆದರೆ ಗಿರಾಕಿ ವಾರವೆಲ್ಲ ಡಬ್ಬಿಯಲ್ಲಿಡ್ತಾನೆ, ಎಂಟನೇ ದಿನ ಮರೀತಾನೆ. ಕೆಲಸ ಗಾಡಿಯಲ್ಲೇ ಆಗಬೇಕು.

ಮೊದಲು ಫ್ಯುಯೆಲ್ ಪಂಪಿನ ಕರೆಂಟ್ ಲೈನ್ ಕತ್ತರಿಸಿ ಮಧ್ಯೆ ಎಪ್ಪತ್ತು ರೂಪಾಯಿಯ ಲೋಕಲ್ ರಿಲೇ (ಕರೆಂಟಿನಿಂದ ನಡೆಯೋ ಸ್ವಿಚ್) ಹಾಕಿದೆ. ಹೆಬ್ಬಾಳ ಫ್ಲೈಓವರ್ ಮೇಲೆ, ಸಂಜೆ ಆರೂವರೆಗೆ, ರಿಲೇ ಕಾದು ಗಾಡಿ ನಿಂತೇಹೋಯ್ತು. ಟೋಯಿಂಗು, ಗಿರಾಕಿಯ ಬೈಗುಳ, ಹಣ ವಾಪಸ್, ಎಲ್ಲ ಸೇರಿ ಹನ್ನೊಂದು ಸಾವಿರ ಹೋಯ್ತು. ಆಮೇಲೆ ಬ್ರೇಕ್ ಸ್ವಿಚ್ ವೈರಿಗೆ ಕೈ ಹಾಕಿದೆ, ಬ್ರೇಕ್ ಒತ್ತಿದ್ದು ಗೊತ್ತಾಗದಿದ್ದರೆ ಸ್ಟಾರ್ಟ್ ಆಗಲ್ಲವಲ್ಲ. ಸ್ಟಾರ್ಟ್ ಏನೋ ಆಗಲಿಲ್ಲ. ಆದರೆ ಎರಡನೇ ಗಾಡಿಯಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್ ಸಡಿಲವಾಗಿ ಬ್ರೇಕ್ ಲೈಟೇ ಆಗಾಗ ಹತ್ತುತ್ತಿರಲಿಲ್ಲ. ನೋಡಿ ಬೆವರಿಬಿಟ್ಟೆ. ಅವತ್ತೇ ಎರಡೂ ಗಾಡಿ ಕರೆಸಿ ಬಿಚ್ಚಿದೆ. ಆ ದಾರಿ ಯಾರೂ ಹಿಡೀಬೇಡಿ.

ಕೊನೆಗೆ ಕೈಹಿಡಿದದ್ದು ಸ್ಟಾರ್ಟರ್ ರಿಲೇಯ ಕಾಯಿಲ್ ವೈರು, ಅಂದರೆ ಎಂಜಿನ್ ಎಬ್ಬಿಸೋ ಮೋಟರಿನ ರಿಲೇಯನ್ನ ಆನ್ ಮಾಡೋ ಸಣ್ಣ ವೈರು. ಅಲ್ಲಿ ಹರಿಯೋ ಕರೆಂಟ್ ಕಾಲು ಆಂಪಿಯರೂ ಇಲ್ಲ, ಕಾಯೋ ಮಾತೇ ಇಲ್ಲ. ಓಡ್ತಿರೋ ಗಾಡಿ ಇದರಿಂದ ನಿಲ್ಲಲ್ಲ. ಫ್ಯಾಕ್ಟರಿ ವೈರ್ ಕತ್ತರಿಸದೆ, ರಿಲೇ ಸಾಕೆಟ್ ಮಧ್ಯೆ ಕೂರೋ ಜಾಯಿಂಟ್ ನಾನೇ ಮಾಡ್ಕೊಂಡೆ. ಸಾಮಾನಿಗೆ ಆರುನೂರು, ಎಂಟುನೂರು ಆಗಬಹುದು. ನಾನು ತಗೊಳ್ಳೋದು ನಾಲ್ಕೂವರೆ ಸಾವಿರ.

ಮ್ಯಾನ್ಯುಯಲ್ ಗಾಡಿ ತಳ್ಳಿ ಸ್ಟಾರ್ಟ್ ಮಾಡಬಹುದಲ್ಲ ಅಂತ ಕೇಳ್ತೀರಿ. ಮಾಡಬಹುದು. ಅದಕ್ಕೇ ಮ್ಯಾನ್ಯುಯಲ್‌ಗೆ ಇನ್ನೊಂದು ಕಡೆನೂ ತಡೆ ಹಾಕಿದೀನಿ. ಎಲ್ಲಿ ಅಂತ ಇಲ್ಲಿ ಬರೆಯಲ್ಲ. ಸ್ವಿಚ್ ಎಲ್ಲಿಡ್ತೀನಿ ಅನ್ನೋದೂ ಅಷ್ಟೇ, ಡ್ಯಾಶ್ ಕೆಳಗಂತೂ ಅಲ್ಲ.

ಗಾಜು ಒಡೆದು, ಮೆಕ್ಯಾನಿಕ್‌ಗಳು ದೋಷ ನೋಡೋ ಓಬಿಡಿ ಸಾಕೆಟ್ಟಿಗೆ ಟ್ಯಾಬ್ ಹಾಕಿ ಹೊಸ ಕೀ ಬರೆಯೋರಿಗೆ ಬೇರೆ ಮದ್ದು: ಗಾಡಿಯ ಕಂಪ್ಯೂಟರ್ ಮಾತಾಡೋ 6 ಮತ್ತು 14ನೇ ಪಿನ್ ಎರಡನ್ನೂ ಇನ್ನೊಂದು ಗುಟ್ಟಿನ ಸ್ವಿಚ್ ಮೂಲಕ ತಂದೆ. 16ನೇ ಪಿನ್ನಲ್ಲಿ ಕರೆಂಟ್ ಇರೋದರಿಂದ ಟ್ಯಾಬಿನ ದೀಪವೇನೋ ಹತ್ತುತ್ತೆ, ಗಾಡಿ ಮಾತಾಡಲ್ಲ. ಒಬ್ಬ ಗಿರಾಕಿಗೆ ಸರ್ವಿಸಿಗೆ ಬಿಡೋವಾಗ ಆನ್ ಮಾಡಿ ಅಂತ ಹೇಳೋದು ಮರೆತಿದ್ದೆ. ಶೋರೂಮಿನವರು ಇಡೀ ದಿನ ಹುಡುಕಿ 'ಇಸಿಯು (ಗಾಡಿಯ ಕಂಪ್ಯೂಟರ್) ಹೋಗಿದೆ ಸಾರ್' ಅಂತ ಎಸ್ಟಿಮೇಟ್ ಕೊಟ್ಟರಂತೆ! ನಾನು ಹೋಗಿ ಸ್ವಿಚ್ ಒತ್ತಿ ಬಂದೆ.

ಇವತ್ತಿಗೆ ನಲವತ್ತರ ಹತ್ತಿರ ಗಾಡಿ ಆಗಿರಬೇಕು. ನಾಗರಬಾವಿ ಕಡೆಯ ಒಬ್ಬರು ಮೊನ್ನೆ ಸಿಸಿಟಿವಿ ತಂದು ತೋರಿಸಿದರು. ರಾತ್ರಿ ಮೂರು ಗಂಟೆ, ಒಬ್ಬ ಬ್ಯಾಗ್ ಹಿಡಿದು ಗೇಟಿಗೆ ಒರಗಿದ್ದಾನೆ, ಇನ್ನೊಬ್ಬ ಸದ್ದಿಲ್ಲದೆ ಬಾಗಿಲು ತೆಗೆದು ಒಳಗೆ ಕೂತ. ಡ್ಯಾಶ್ ಬೆಳಗಿತು. ಆರೇಳು ಸಲ ಬಟನ್ ಒತ್ತಿರಬೇಕು, ಆಮೇಲೆ ಸ್ಟೀರಿಂಗಿಗೆ ಒಂದು ಗುದ್ದಿ ಇಳಿದುಹೋದ. ಗೆಳೆಯರಿಗೆ ಆ ವಿಡಿಯೋನ ನಾಲ್ಕು ಸಲ ಹಾಕಿ ತೋರಿಸಿದೆ.

ಕೀ ಮಾತ್ರ ಅವತ್ತೂ ಚಪ್ಪಲಿ ಸ್ಟ್ಯಾಂಡಿನ ಮೇಲೇ ಇತ್ತಂತೆ. ನನಗೆ ಬರಬೇಕಾದ ಬಾಕಿ ಒಂದೂವರೆ ಸಾವಿರ ಅವತ್ತೇ ಫೋನ್‌ಪೇ ಮಾಡಿದರು.